ತುಟಿ ಒರೆಸುವ ಬಟ್ಟೆ

ಐವತ್ತು ದಾಟಿದ ಮೇಲೆ ನಾನು ಮೊದಲ ಸಲ ತುಟಿಗೆ ಹಚ್ಚುವ ಬಣ್ಣ ಕೊಂಡೆ.

ಅಂಗಡಿಯವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ನನ್ನ ಟೋಪಿ, ಒಂದರ ಮೇಲೊಂದು ಉಟ್ಟ ಲಂಗಗಳು, ಕಲ್ಲು ಕೆದಕಿ ಒಡೆದ ಉಗುರು.

"ಯಾರಿಗೆ ದೋನ್ಯಾ? ಮಗಳಿಗಾ?" ನಮ್ಮಲ್ಲಿ ವಯಸ್ಸಾದ ಹೆಂಗಸರಿಗೆ ದೋನ್ಯಾ ಅನ್ನುತ್ತಾರೆ.

"ಹೂಂ, ಮಗಳಿಗೆ" ಅಂದೆ. ನನಗೆ ಮಗಳಿಲ್ಲ.

"ಎಂಥದು ಬೇಕಂತೆ?"

"ದಪ್ಪನೇದು. ಅಡೀಲಿರೋದು ಏನೂ ಕಾಣಬಾರದು."

ಅವಳು ನಕ್ಕಳು. "ಹಂಗಾದ್ರೆ ಮಗಳು ಬಾರಲ್ಲಿದಾಳೆ ಅನ್ನು."

ಅಲ್ಲ ಎನ್ನಲಿಲ್ಲ. ಹುಟ್ಟದ ಮಗಳನ್ನು ಬಾರಿಗೆ ಕಳಿಸಿ, ಬಣ್ಣದ ಕಡ್ಡಿಯನ್ನು ಎದೆಯೊಳಗೆ ಸಿಕ್ಕಿಸಿಕೊಂಡು ಹೊರಗೆ ಬಂದೆ.

ನಮ್ಮ ಊರಿನಲ್ಲಿ ತುಟಿಗೆ ಬಣ್ಣ ಹಚ್ಚುವವರು ತಗಡಿನ ಬಾರುಗಳಲ್ಲಿ ಕೂರುವ ಹುಡುಗಿಯರು ಮಾತ್ರ. ಕೆಳಗಿನ ಊರುಗಳಿಂದ ಸುಳ್ಳು ಹೇಳಿ ಕರೆತಂದವರು. ಕಲ್ಲು ಆರಿಸುವ ಹೆಂಗಸರು ಹಚ್ಚುವುದಿಲ್ಲ. ನಾವು ಹಸಿವು, ಸುಸ್ತು ತಿಳಿಯದಂತೆ ದವಡೆಯಲ್ಲಿ ಕೋಕಾ ಎಲೆ ಇಟ್ಟುಕೊಳ್ಳುತ್ತೇವೆ. ಬಿಸಿಲಿಗೆ ಮುಖ ಸುಲಿಯದಂತೆ ಕೊಬ್ಬು ಸವರುತ್ತೇವೆ. ಅಷ್ಟೇ ನಮ್ಮ ಅಲಂಕಾರ.

ಆದರೆ ನನ್ನ ತುಟಿ ನೀಲಿಯಾಗಿತ್ತು. ಚಳಿಯ ನೀಲಿಯಲ್ಲ. ಚಳಿಯ ನೀಲಿ ಒಲೆಯ ಮುಂದೆ ಕೂತರೆ ಹೋಗುತ್ತದೆ. ಇದು ಹೋಗಲಿಲ್ಲ. ಮೊದಲು ಉಗುರಿಗೆ ಬಂತು. ಆಮೇಲೆ ಕಿವಿಯ ಹಾಲೆಗೆ, ತುಟಿಗೆ. ಕಣ್ಣು ಕೆಂಪಾಯಿತು. ಹಸಿಂತಾ ಈಗ ಬೆಳಿಗ್ಗೆಯೇ ಕುಡಿಯುತ್ತಾಳೆ ಎಂದು ಬೀದಿಯಲ್ಲಿ ಮಾತಾಯಿತು. ಗಂಡ ಎಲೋಯ್ ಕುಡಿದು ಹಿಮದಲ್ಲಿ ಬಿದ್ದು ಸತ್ತ ಮೇಲೆ ನಾನು ಆ ವಾಸನೆಯನ್ನೂ ಸೇರುವುದಿಲ್ಲ. ಆದರೆ ಯಾರಿಗೆ ಹೇಳಲಿ? ಕನ್ನಡಿಯಲ್ಲಿ ನೋಡಿದರೆ ನನಗೇ ನಾನು ಕುಡಿದವಳಂತೆ ಕಾಣುತ್ತಿದ್ದೆ.

ಮಲಗಿದರೆ ಉಸಿರು ಕಟ್ಟುತ್ತಿತ್ತು. ಕೂತೇ ನಿದ್ದೆ ಮಾಡುತ್ತಿದ್ದೆ. ಕಿವಿಯಲ್ಲಿ ಯಾರೋ ಸೀಟಿ ಊದಿದ ಹಾಗೆ. ಪಾದ ಊದಿಕೊಂಡು ಬೂಟು ಹಿಡಿಸುತ್ತಿರಲಿಲ್ಲ. ಏರು ಹತ್ತುವಾಗ ನಾಲ್ಕು ಹೆಜ್ಜೆಗೊಮ್ಮೆ ನಿಲ್ಲಬೇಕು. ನಿಲ್ಲುವುದು ನಾಚಿಕೆ. ಅದಕ್ಕೆ ಬೆನ್ನಿನ ಗಂಟನ್ನು ಬಿಚ್ಚಿ ಮತ್ತೆ ಕಟ್ಟುವ ನೆಪ. ನಮ್ಮಲ್ಲಿ ಎಷ್ಟೋ ಹೆಂಗಸರು ಹೀಗೆ ಗಂಟು ಕಟ್ಟುತ್ತಾ ಬೆಟ್ಟ ಹತ್ತುತ್ತಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ.

ನಮ್ಮ ಊರು ಹಿಮಗಡ್ಡೆಯ ಅಂಚಿನಲ್ಲಿದೆ. ಇದಕ್ಕಿಂತ ಮೇಲೆ ಊರಿಲ್ಲ. ಬೆಟ್ಟದೊಳಗೆ ಚಿನ್ನವಿದೆ, ಅದಕ್ಕೆ ನಾವಿದ್ದೇವೆ. ಬೆಟ್ಟ ಹೆಣ್ಣು. ಅಜ್ಜಿ ಎನ್ನುತ್ತೇವೆ. ಅಜ್ಜಿಗೆ ಹೊಟ್ಟೆಕಿಚ್ಚು, ಮುಟ್ಟಿನ ರಕ್ತವೆಂದರೆ ಹೇಸಿಗೆ ಬೇರೆ. ಇನ್ನೊಬ್ಬ ಹೆಣ್ಣು ತನ್ನ ಹೊಟ್ಟೆಯೊಳಗೆ ಕಾಲಿಟ್ಟರೆ ಚಿನ್ನವನ್ನು ಒಳಕ್ಕೆ ಎಳೆದುಕೊಳ್ಳುತ್ತಾಳೆ. ಅದಕ್ಕೆ ಸುರಂಗದೊಳಗೆ ಗಂಡಸರು ಮಾತ್ರ. ಅವರು ಕೆಲಸಕ್ಕೆ ಬಾರದ್ದೆಂದು ಹೊರಗೆ ಸುರಿಯುವ ಕಲ್ಲಿನ ಇಳಿಜಾರಿನಲ್ಲಿ ನಾವು. ಮಂಡಿಯೂರಿ ಕೂತು, ಸುತ್ತಿಗೆಯಲ್ಲಿ ಒಡೆದು, ನೆಕ್ಕಿ, ಬಿಸಿಲಿಗೆ ಹಿಡಿದು, ಹೊಳೆದದ್ದನ್ನು ಚೀಲಕ್ಕೆ ಹಾಕುತ್ತೇವೆ. ಹೆಚ್ಚಿನ ಕಲ್ಲು ಹೊಳೆಯುವುದಿಲ್ಲ.

ಆ ವರ್ಷ ಮೌರಿಸಿಯಾ ಎಂಬ ನಮ್ಮವಳು ಇಳಿಜಾರಿನಲ್ಲೇ ಸತ್ತಳು. ಮಡಿಲಲ್ಲಿ ಕಲ್ಲು ಹಾಗೇ ಇತ್ತು. ನಿದ್ದೆ ಮಾಡುತ್ತಿದ್ದಾಳೆ ಎಂದು ಮಧ್ಯಾಹ್ನದವರೆಗೂ ಬಿಟ್ಟಿದ್ದೆವು. ಪೊಲೀಸರು ಬಂದರು, ಸುರಂಗಕ್ಕೆ ಬೀಗ ಬಿತ್ತು. ಸುರಂಗ ನಡೆಸುವ ಗುತ್ತಿಗೆದಾರನಿಗೆ ನಷ್ಟವಾಯಿತು. ಒಳಗೆ ಗಂಡಸು ಸತ್ತರೆ ಅಜ್ಜಿ ತನ್ನ ಪಾಲು ತಗೊಂಡಳು ಅನ್ನುತ್ತಾರೆ. ಹೊರಗೆ ಬಿಸಿಲಲ್ಲಿ ಹೆಂಗಸು ಸತ್ತರೆ ಕೇಸು.

ಬೀಗ ತೆಗೆದ ದಿನ ಹೊಸ ಕಾನೂನು ಬಂತು. ತುಟಿ ನೀಲಿಯಾದ ಹೆಂಗಸರಿಗೆ ಇಳಿಜಾರಿಲ್ಲ.

ಅದನ್ನು ನೋಡಲು ಮೇಸ್ತ್ರಿ ರೊಹೆಲಿಯೊ ದಿನಾ ಬೆಳಿಗ್ಗೆ ಸುರಂಗದ ಬಾಯಿಯ ಪಕ್ಕ ಸರಪಳಿ ಕಟ್ಟಿ ನಿಲ್ಲುತ್ತಿದ್ದ. ಒಬ್ಬೊಬ್ಬಳೂ ಅವನ ಮುಂದೆ ನಿಂತು ಮುಖ ಎತ್ತಬೇಕು. ಅವನು ಇಂಜಿನಿಯರ್ ಅಲ್ಲ. ಆದರೆ ನಮ್ಮಲ್ಲಿ ಬೂಟಿಗೆ ಕೆಸರು ಹತ್ತದವರನ್ನೆಲ್ಲ ಇಂಜಿನಿಯರ್ ಎಂದೇ ಕರೆಯುವುದು. ಅವನು ಒಂದು ವಾರ ಮೇಲಿದ್ದರೆ ಒಂದು ವಾರ ಕೆಳಗೆ ಹೋಗುತ್ತಾನೆ. ಯಜಮಾನರು ಅಷ್ಟೂ ಇರುವುದಿಲ್ಲ. ಅವನ ತುಟಿ ಕೆಂಪಗಿತ್ತು.

ಗಂಡಸರ ತುಟಿಯನ್ನು ಯಾರೂ ನೋಡುತ್ತಿರಲಿಲ್ಲ. ಸುರಂಗದೊಳಗೆ ಎಲ್ಲರ ತುಟಿಯೂ ಕಪ್ಪೇ.

ಪ್ಲಾಸಿದಾ ನನ್ನ ಕೊಮಾದ್ರೆ. ಅವಳ ತೀರಿಹೋದ ಮಗುವಿಗೆ ನಾನು ಜ್ಞಾನಸ್ನಾನದ ತಾಯಿಯಾಗಿದ್ದೆ, ಅಂದಿನಿಂದ ಒಬ್ಬರಿಗೊಬ್ಬರು ಕೊಮಾದ್ರೆ. ಇಳಿಜಾರಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಜಾಗ. ನನ್ನ ಮುಖ ನೋಡಿ ಅವಳೇ ಮದ್ದು ಹೇಳಿದ್ದಳು.

"ನಿಂಗೆ ರಕ್ತ ಬತ್ತೋಗಿದೆ ಕಣೇ. ನೀಲಿ ಅಂದ್ರೆ ರಕ್ತ ಇಲ್ಲ ಅಂತ ಅರ್ಥ. ಲಾಮಾ ರಕ್ತ ಹುರ್ಕೊಂಡು ತಿನ್ನು. ನಾನೂ ತಿಂತಿದೀನಿ."

ನನಗೂ ಸರಿಯೆನಿಸಿತು. ರಾಜಧಾನಿ ಲೀಮಾದ ರೇಡಿಯೊ ಕೂಡ ರಕ್ತ ತಿನ್ನಿ, ಶಕ್ತಿ ಬರುತ್ತೆ ಎಂದು ದಿನವೂ ಹೇಳುತ್ತಿತ್ತು. ಕಸಾಯಿಯವನ ಹತ್ತಿರ ಬಟ್ಟಲು ಒಡ್ಡಿ ನಿಂತೆ. ಈರುಳ್ಳಿ, ಮೆಣಸಿನಕಾಯಿ ಹಾಕಿ ಹುರಿದು ಆಲೂಗಡ್ಡೆಯ ಜೊತೆ ತಿಂದೆ. ತಿಂದಷ್ಟೂ ಮುಖ ಊದಿತು. ಇನ್ನೂ ಸಾಲದು ಅಂದಳು ಪ್ಲಾಸಿದಾ. ಇನ್ನೂ ತಿಂದೆ.

ಕೊನೆಗೆ ಆರೋಗ್ಯ ಕೇಂದ್ರಕ್ಕೆ ಹೋದೆ. ನರ್ಸು ಸಣ್ಣ ವಯಸ್ಸಿನವಳು, ಸಮುದ್ರದ ಕಡೆಯವಳು. ಕೋಣೆಯ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಗಂಡಸರು ಕೂತಿದ್ದರು. ಅವಳು ತೋಳಿಗೆ ಸೂಜಿ ಚುಚ್ಚಿದಳು. ರಕ್ತ ಸಲೀಸಾಗಿ ಏರಲಿಲ್ಲ. ಬಂದದ್ದು ಕಾಕಂಬಿಯ ಹಾಗಿತ್ತು.

"ಅಮ್ಮಾ, ಏನು ತಿಂತಿದೀರಿ?"

"ಹುರಿದ ರಕ್ತ."

"ಅಯ್ಯೋ! ಯಾರು ಹೇಳಿದ್ದು?"

ನಾನು ಅವಳ ಹಿಂದಿನ ಗೋಡೆ ತೋರಿಸಿದೆ. ಅಲ್ಲಿ ಮಗುವೊಂದು ಹುರಿದ ರಕ್ತ ತಿನ್ನುತ್ತಾ ನಗುವ ಚಿತ್ರವಿತ್ತು.

"ಅದು ರಕ್ತ ಕಮ್ಮಿ ಇರೋ ಮಕ್ಕಳಿಗೆ. ನಿಮಗೆ ಕಮ್ಮಿ ಅಲ್ಲ, ಜಾಸ್ತಿ ಆಗಿರೋದು. ಇಲ್ಲಿ ಗಾಳಿ ತೆಳು. ದೇಹ ಹೆದರಿ ರಕ್ತ ಮಾಡ್ತಾನೇ ಇರುತ್ತೆ. ಮಾಡಿ ಮಾಡಿ ಮಡ್ಡಿ ಆಗಿದೆ. ಶ್ವಾಸಕೋಶದ ನಾಳಗಳೂ ಬಿಗಿದುಕೊಂಡಿವೆ. ಆ ಬಿಗಿದ ನಾಳದೊಳಗೆ ಈ ಮಡ್ಡೀನ ನೂಕಿ ನೂಕಿ ಹೃದಯದ ಒಂದು ಬದಿ ಊದಿಕೊಂಡಿದೆ. ಕಾಲಿಗೆ ನೀರು ಇಳೀತಿರೋದು ಅದಕ್ಕೇ."

"ಹೃದಯ ದೊಡ್ಡದಾದ್ರೆ ಒಳ್ಳೇದು ಅಂತಾರಲ್ಲ ಮಗಳೇ."

ಅವಳು ನಗಲಿಲ್ಲ. "ನಿಮ್ಮ ಮುಟ್ಟು ನಿಂತು ಎಷ್ಟು ಕಾಲ ಆಯ್ತು?"

ಹೊರಗಿನ ಬೆಂಚಿನಲ್ಲಿ ಕೆಮ್ಮು ನಿಂತಿತು. ಎಲ್ಲರಿಗೂ ಕೇಳಿಸಿತ್ತು. ನಾನು ಬೆರಳು ತೋರಿಸಿ ಉತ್ತರ ಹೇಳಿದೆ.

"ಅದೇ ನೋಡಿ. ಅಲ್ಲೀವರೆಗೆ ತಿಂಗಳು ತಿಂಗಳು ಒಂದಿಷ್ಟು ಹೊರಗೆ ಹೋಗ್ತಿತ್ತು, ಅದೇ ಕಾಪಾಡ್ತಿತ್ತು. ಈಗ ಹೋಗೋಕೆ ದಾರಿ ಇಲ್ಲ. ಗಂಡಸರಿಗೆ ಮೊದಲೇ ಬರೋ ಕಾಯಿಲೆ, ನಿಮ್ಮಂಥವರಿಗೆ ಈಗ ಬರುತ್ತೆ."

ಹೊರಗೆ ಯಾರೋ ಹೇಳಿದ, "ಹಂಗಾದ್ರೆ ನಾವೂ ಮುಟ್ಟಾಗೋದು ಕಲೀಬೇಕು ಕಣ್ರಪ್ಪೋ." ಬೆಂಚು ನಕ್ಕಿತು.

ನಾನು ಕಾಲುಬೆರಳು ನೋಡುತ್ತಾ ಕೂತೆ. ಯಾವ ರಕ್ತಕ್ಕೆ ಹೇಸಿ ನಮ್ಮನ್ನು ಸುರಂಗದಿಂದ ಹೊರಗಿಟ್ಟರೋ ಅದೇ ರಕ್ತ ನಮ್ಮನ್ನು ಇಷ್ಟು ದಿನ ಉಳಿಸಿತ್ತು. ಇದು ನನಗೆ ಆಗ ಹೊಳೆಯಲಿಲ್ಲ. ಆಮೇಲೆ, ಓದು ಬಾರದ ನಮ್ಮಂಥವರಿಗೆ ನಡೆಸುವ ಸಂಜೆ ಶಾಲೆಯಲ್ಲಿ ಕೂತು ಅಕ್ಷರ ತಿದ್ದುವಾಗ ಹೊಳೆಯಿತು. ಸರಿಯಾಗಿ ಯೋಚಿಸಿದೆನೋ ಇಲ್ಲವೋ, ಹೇಳಲಾರೆ.

"ಸ್ವಲ್ಪ ರಕ್ತ ತೆಗೆದು ಬಿಡ್ತೀನಿ, ಹಗುರ ಆಗುತ್ತೆ" ಅಂದಳು ನರ್ಸು. ಬೇಡ ಅಂದೆ. ತೆಗೆದ ರಕ್ತ ಮತ್ತೆ ಹುಟ್ಟುವುದಿಲ್ಲ ಎಂದು ನನ್ನ ತಾಯಿ ಹೇಳುತ್ತಿದ್ದಳು. ನರ್ಸು ಒತ್ತಾಯ ಮಾಡಲಿಲ್ಲ. "ಅದೂ ನಾಲ್ಕು ದಿನದ ಮಾತು ಬಿಡಿ. ನಿಜವಾದ ಔಷಧಿ ಕೆಳಗೆ ಹೋಗೋದು. ಹುಲಿಯಾಕಾ ಪೇಟೆ ಸಾಲದು, ಅದೂ ಎತ್ತರವೇ. ಸಮುದ್ರದ ಕಡೆ ಹೋಗ್ಬೇಕು."

"ಅಲ್ಲಿ ನನಗೆ ಯಾರಿದಾರೆ? ಸಮುದ್ರದಲ್ಲಿ ಯಾವ ಕಲ್ಲು ಆರಿಸಲಿ?"

ಅವಳು ಒಳ್ಳೆಯವಳು. ತಲೆ ತಗ್ಗಿಸಿದಳು.

ಮರುದಿನವೇ ನಾನು ಬಣ್ಣದ ಕಡ್ಡಿ ಕೊಂಡದ್ದು. ಪ್ಲಾಸಿದಾಗೂ ಹಚ್ಚಿದೆ. ಅವಳು ಒಡೆದ ಕನ್ನಡಿಯಲ್ಲಿ ಮುಖ ತಿರುಗಿಸಿ ಮುರುಗಿಸಿ ನೋಡಿಕೊಂಡಳು. "ಏನೇ ಇದು, ಕಸಿಮಿರೊ ನೋಡಿದ್ರೆ ದುಡ್ಡು ಕೇಳ್ತಾಳೇನೋ ಅಂತ ಓಡೋಗ್ತಾನೆ." ಕಸಿಮಿರೊ ಅವಳ ಗಂಡ. ಕೆಲವೇ ದಿನಗಳಲ್ಲಿ ಆ ಕಡ್ಡಿ ನಮ್ಮ ಸಾಲಿನ ಎಲ್ಲ ಮುದುಕಿಯರ ತುಟಿಗೂ ಹೋಯಿತು. ಬೆಳಿಗ್ಗೆ ಬಂಡೆಯ ಮರೆಯಲ್ಲಿ ನಿಂತು, ಕಳ್ಳರ ಹಾಗೆ, ಒಬ್ಬರ ಬಾಯಿಗೆ ಒಬ್ಬರು ಹಚ್ಚುತ್ತಿದ್ದೆವು. ರೊಹೆಲಿಯೊ ಹುಬ್ಬು ಏರಿಸುತ್ತಿದ್ದ, ಬಿಡುತ್ತಿದ್ದ. ಬೆಳಕು ಕಡಿಮೆಯಿತ್ತು.

ಅವನಿಗೆ ಗೊತ್ತಾದದ್ದು ಚೀಲದ ದಿನ.

ಚೀಲದ ದಿನ ಅಂದರೆ ಇದು. ಸುರಂಗದ ಗಂಡಸರಿಗೆ ತಿಂಗಳೆಲ್ಲ ಕೂಲಿಯಿಲ್ಲ. ಕೊರೆದದ್ದೆಲ್ಲ ಗುತ್ತಿಗೆದಾರನಿಗೆ. ತಿಂಗಳ ಕೊನೆಯಲ್ಲಿ ಒಂದು ದಿನ, ಬೆನ್ನು ಹೊರುವಷ್ಟು ಕಲ್ಲು ಅವರದು. ಅದರಲ್ಲಿ ಚಿನ್ನವಿದ್ದರೆ ಅದೃಷ್ಟ. ಇಲ್ಲದಿದ್ದರೆ ತಿಂಗಳು ಹೋಯಿತು. ಆ ದಿನ ಅವರು ಸುರಂಗದ ಬಾಯಿಗೆ ಕೋಕಾ ಎಲೆ, ಸಾರಾಯಿ ಚೆಲ್ಲಿ, ಅಜ್ಜಿಗೆ ಕೈಮುಗಿದು, ಮಾತಾಡದೆ ಖಾಲಿ ಚೀಲ ಹಿಡಿದು ಸಾಲು ನಿಲ್ಲುತ್ತಾರೆ. ಅವರ ಸಾಲು ಒಂದು ಕಡೆ. ನಮ್ಮ ಸಾಲು ಎದುರಿಗೆ. ಹೊತ್ತು ಮೇಲೆ ಬಂದಿತ್ತು. ಹಿಮದ ಮೇಲಿನ ಬಿಸಿಲು ನೇರ ನಮ್ಮ ಮುಖಕ್ಕೆ.

"ಓಹೋಹೋ! ಏನ್ರೇ ಅಜ್ಜಿಯರಾ ಇದು?" ರೊಹೆಲಿಯೊ ಕೈತಟ್ಟಿದ. "ಮದುವೇನಾ, ಇಲ್ಲ ಹೊಸ ಬಾರ್ ತೆಗೀತಿದೀರಾ?"

"ಬಾರೇ, ಇಂಜಿನಿಯರ್ ಸಾಹೇಬ್ರೇ" ಅಂದಳು ಪ್ಲಾಸಿದಾ. "ಮೊದಲ ಗಿರಾಕಿ ನೀವೇ. ಸಾಲ ಮಾತ್ರ ಕೇಳ್ಬೇಡಿ."

ಗಂಡಸರ ಸಾಲು ನಕ್ಕಿತು. ಅವನು ನಗಲಿಲ್ಲ. ಸುರಂಗಕ್ಕೆ ಗಾಳಿ ಒತ್ತುವ ಕಂಪ್ರೆಸರ್ ಒರೆಸುವ ಎಣ್ಣೆ ಬಟ್ಟೆ ಪಕ್ಕದಲ್ಲಿತ್ತು. ಅದನ್ನು ಎತ್ತಿ ಅವಳ ಎದೆಗೆ ಎಸೆದ.

"ಒರೆಸು."

ಪ್ಲಾಸಿದಾ ಒರೆಸಿದಳು. ಕೆಂಪು ಹೋಯಿತು. ಅಡಿಯಲ್ಲಿದ್ದದ್ದು ಹಿಮದಲ್ಲಿಟ್ಟು ಒಣಗಿಸಿದ ಆಲೂಗಡ್ಡೆಯ ಕಪ್ಪುನೀಲಿ ಬಣ್ಣ. ಡೀಸೆಲ್ ಹತ್ತಿ ಮೂತಿಯೆಲ್ಲ ಕಪ್ಪಾಯಿತು. ಈಗ ಯಾರೂ ನಗಲಿಲ್ಲ. ಕಸಿಮಿರೊ ಗಂಡಸರ ಸಾಲಿನಲ್ಲಿದ್ದ. ತನ್ನ ಬೂಟು ನೋಡುತ್ತಿದ್ದ. ಬಾಯಿಬಿಟ್ಟರೆ ಅವನ ಚೀಲ ಹೋಗುತ್ತದೆ. ಅದು ಎಲ್ಲರಿಗೂ ಗೊತ್ತಿತ್ತು.

"ಕೆಳಗೆ" ಎಂದು ರೊಹೆಲಿಯೊ ದಾರಿ ತೋರಿಸಿದ. "ಮುಂದಿನವಳು."

ಅದೇ ಬಟ್ಟೆ ಕೈಯಿಂದ ಕೈಗೆ ಬಂತು. ಒಬ್ಬಳು ಒರೆಸಿದಳು, ಕೆಳಗೆ. ಇನ್ನೊಬ್ಬಳು ಒರೆಸಿದಳು, ಕೆಳಗೆ. ನನ್ನ ಕೈಗೆ ಬಂದಾಗ ಅದು ಒದ್ದೆಯಾಗಿತ್ತು. ಎಂಜಲು, ಬಣ್ಣ, ಡೀಸೆಲ್. ನಾನು ಅದನ್ನು ಅವನ ಮುಖಕ್ಕೆ ಎಸೆದೆ ಎಂದು ಈಗ ಕೆಲವರು ಹೇಳುತ್ತಾರೆ. ಅದು ನಿಜವಲ್ಲ. ನಾನು ಒರೆಸಿಕೊಂಡೆ. ಎಲ್ಲರ ಹಾಗೆಯೇ ಒರೆಸಿಕೊಂಡೆ.

"ಪೂರ್ತಿ ಒರೆಸು. ಮೂಲೇಲಿದೆ."

ಆಮೇಲೆ ಅವನು ನನ್ನ ಗದ್ದ ಹಿಡಿದ. ಹೆಬ್ಬೆರಳಿನಿಂದ ಕೆಳತುಟಿ ಒತ್ತಿ ಒಳಗೆ ನೋಡಿದ. ಸಂತೆಯಲ್ಲಿ ಹೇಸರಗತ್ತೆಯ ಹಲ್ಲು ನೋಡುವ ಹಾಗೆ.

"ನೋಡ್ರೋ" ಎಂದ ಗಂಡಸರ ಕಡೆ ತಿರುಗಿ. "ಒಳಗೂ ನೀಲಿ."

ನನ್ನ ಬಾಯಿಯ ಒಳಭಾಗವನ್ನು ನನ್ನ ಗಂಡನೂ ನೋಡಿರಲಿಲ್ಲ.

ಬಲಕ್ಕೆ ಇಳಿಜಾರು, ಸರಪಳಿ ಹಾಕಿತ್ತು. ಎಡಕ್ಕೆ ಕೆಳಗೆ ಹೋಗುವ ದಾರಿ. ಎದುರಿಗೆ ಸುರಂಗ. ನಾನು ಯೋಚಿಸಲಿಲ್ಲ. ಯೋಚಿಸಿದ್ದರೆ ಹೋಗುತ್ತಿರಲಿಲ್ಲ. ಅವನ ಕೈ ಬಿಡಿಸಿಕೊಂಡು ನೇರ ನಡೆದೆ.

"ದೋನ್ಯಾ ಹಸಿಂತಾ! ಅಲ್ಲಿ ಬೇಡ!"

"ಹಿಡೀರೋ ಅವಳನ್ನ!"

"ಏಯ್ ಮುದುಕಿ, ತಲೆ ಕೆಟ್ಟಿದ್ಯಾ?"

ಚೆಲ್ಲಿದ ಕೋಕಾ ಎಲೆ ತುಳಿದು ಒಳಗೆ ಹೋದೆ. ಇಷ್ಟು ವರ್ಷ ಆ ಬಾಯಿಯ ಪಕ್ಕ ಕೂತವಳು, ಒಳಗೆ ಹೇಗಿದೆ ಎಂದು ಕಂಡಿರಲಿಲ್ಲ. ಏನೂ ಇಲ್ಲ. ಕತ್ತಲೆ, ತೊಟ್ಟಿಕ್ಕುವ ನೀರು, ಹೊಗೆಯ ವಾಸನೆ. ಬೆಳಕು ಮುಗಿಯುವಲ್ಲಿ ನಿಂತೆ. ಗೋಡೆಗೆ ಒರಗಿ ಕುಸಿದೆ. ಅಜ್ಜೀ, ತಪ್ಪಾಯಿತು ಅಂದೆ. ಅಜ್ಜಿಯನ್ನು ನಾನು ನಂಬುವವಳು. ಈಗಲೂ ನಂಬುತ್ತೇನೆ.

ಕೊರೆಯುವ ಯಂತ್ರಕ್ಕೆ ಗಾಳಿ ಒಯ್ಯುವ ಕೊಳವೆ ನನ್ನ ಪಕ್ಕದಲ್ಲೇ ಬುಸುಗುಡುತ್ತಿತ್ತು. ಯಂತ್ರಕ್ಕೆ ಗಾಳಿ ಕಡಿಮೆಯಾದರೆ ಇಂಜಿನಿಯರುಗಳು ಓಡಿ ಬರುತ್ತಾರೆ.

ಸುರಂಗದ ಬಾಯಿಯಲ್ಲಿ ಜನ ತುಂಬಿದರು. ರೊಹೆಲಿಯೊ ಒಳಗೆ ನುಗ್ಗಲು ಬಂದ. ಗಂಡಸರೇ ಅವನ ತೋಳು ಹಿಡಿದರು.

"ಬೇಡ ಇಂಜಿನಿಯರ್. ಒಳಗೆ ಹೆಂಗಸಿನ ಜೊತೆ ಎಳೆದಾಟ ಆದ್ರೆ ಅಜ್ಜಿ ಗುಡ್ಡಾನೇ ಕೆಡವ್ತಾಳೆ."

"ನಿಮ್ಮ ಅಜ್ಜಿಗಿಷ್ಟು! ಹಂಗಾದ್ರೆ ನೀವೇ ಎಳ್ಕೊಂಡು ಬನ್ರಿ."

ಯಾರೂ ಕದಲಲಿಲ್ಲ. ಪೂಜೆ ಮಾಡಿ ಶುದ್ಧಿ ಮಾಡುವವರೆಗೆ ಆ ಸುರಂಗಕ್ಕೆ ಯಾರೂ ಇಳಿಯುವುದಿಲ್ಲ. ಪೂಜೆಯವನು ಕೆಳಗಿನ ಊರಿಗೆ ಹೋಗಿದ್ದ. ನಾಳೆಯಿಂದ ಕೊರೆದದ್ದು ಮತ್ತೆ ಗುತ್ತಿಗೆದಾರನದು. ಅವರ ದಿನ ಇದೊಂದೇ. ಅದನ್ನು ನಾನು ಕೆಡಿಸಿದ್ದೆ.

ಕಸಿಮಿರೊ ಮುಂದೆ ಬಂದು ಸುರಂಗದ ಬಾಯಿಯ ಹೊರಗೆ ಕುಕ್ಕರುಗಾಲಲ್ಲಿ ಕೂತ. ಅವನೂ ಏದುತ್ತಿದ್ದ.

"ಕೊಮಾದ್ರೆ."

"ಹೂಂ."

"ಇವತ್ತು ಚೀಲದ ದಿನ. ಗೊತ್ತಲ್ಲ ನಿಂಗೆ?"

"ಗೊತ್ತು."

"ಹೋದ ತಿಂಗಳು ಬರೀ ಕಲ್ಲು ಸಿಕ್ತು. ಈ ಸಲ ಒಳಗೆ ಒಳ್ಳೆ ಚಿನ್ನದ ಗೆರೆ ಇದೆ. ಕಣ್ಣಾರೆ ನೋಡಿದೀನಿ. ನಿಂಗೆ ನಾನು ಏನು ಮಾಡಿದ್ದೆ ಹೇಳು?"

ನನ್ನ ಸಿಟ್ಟು ರೊಹೆಲಿಯೊನ ಮೇಲೆ. ಏಟು ಬಿದ್ದದ್ದು ಕಸಿಮಿರೊನ ಬೆನ್ನಿಗೆ. ಬಡವಳ ಸಿಟ್ಟು ಯಾಕೆ ಪಕ್ಕದವನ ಅನ್ನಕ್ಕೇ ಮಣ್ಣು ಹಾಕುತ್ತದೆ? ನಾಚಿಕೆಯಿಂದ ಕಿವಿ ಸುಟ್ಟಿತು. ಎದ್ದು ಹೋಗಿಬಿಡೋಣ ಎನಿಸಿತು. ಕೈಯೂರಿ ನೋಡಿದೆ. ಏಳಲು ಆಗಲಿಲ್ಲ.

ಆಗ ಪ್ಲಾಸಿದಾಳ ದನಿ ಕೇಳಿಸಿತು. ಅವಳು ಕೆಳಗೆ ಹೋಗಿರಲಿಲ್ಲ.

"ಅವಳನ್ನ ಏನು ಕೇಳ್ತೀಯ? ನನ್ನ ಬಾಯಿ ಒರೆಸ್ದಾಗ ನೀನೆಲ್ಲಿ ನೋಡ್ತಿದ್ದೆ? ಬೂಟಿನ ದಾರ ಎಣಿಸ್ತಿದ್ಯಾ?"

ಕಸಿಮಿರೊ ಅವಳ ಕಡೆ ತಿರುಗಲಿಲ್ಲ. ನನ್ನ ಕಡೆಯೂ ನೋಡಲಿಲ್ಲ. ಅವನ ಮುಖ ಮುದುಡಿಹೋಯಿತು. ಅದನ್ನು ನೋಡಿ ನನಗೆ ಗೆದ್ದ ಹಾಗೆ ಆಗಲಿಲ್ಲ. ನಾನು ಮಾಡಿದ್ದು ಅವನಿಗೂ ಅವಮಾನವಾಯಿತಲ್ಲ ಎನಿಸಿತು.

ರೊಹೆಲಿಯೊ ದನಿ ಇಳಿಸಿದ. "ನೋಡು, ನಿಂಗೆ ಇಳಿಜಾರು ಬಿಡ್ತೀನಿ. ಎದ್ದು ಬಾ."

"ಪ್ಲಾಸಿದಾಗೆ?"

"ಮೊದಲು ನೀನು ಬಾ."

"ಉಳಿದವರಿಗೆ?"

"ನಿಮ್ಮೆಲ್ಲರ ಒಳ್ಳೇದಕ್ಕೇ ಕಣಮ್ಮಾ ಇದು. ಡಾಕ್ಟರೂ ಅದೇ ಹೇಳೋದು, ಕೆಳಗೆ ಹೋಗಿ ಅಂತ. ಇಲ್ಲಿದ್ರೆ ಸಾಯ್ತೀರಿ."

ಅವನ ಮಾತು ಸುಳ್ಳಲ್ಲ. ಅದೇ ನನ್ನನ್ನು ಕೆಣಕಿತು. ನರ್ಸು ಕೆಳಗೆ ಅಂದಳು. ಇವನೂ ಕೆಳಗೆ ಅನ್ನುತ್ತಾನೆ. ನಮ್ಮ ರಕ್ತ ಮಡ್ಡಿಯಾಗುವವರೆಗೆ ಯಾರೂ ಕೆಳಗೆ ಅಂದಿರಲಿಲ್ಲ. ಕಾಯಿಲೆ ಕೊಟ್ಟದ್ದು ಈ ಬೆಟ್ಟದ ಕೆಲಸ. ಈಗ ಕಾಯಿಲೆ ತೋರಿಸಿ ಕೆಲಸ ಕಿತ್ತುಕೊಳ್ಳುತ್ತಾರೆ. ಕೆಳಗೆ ಕಳಿಸುವುದಾದರೆ ಕೆಳಗೆ ಬದುಕಲು ಒಂದು ದಾರಿ ಮಾಡಿ ಕಳಿಸಿ. ಆಗದಿದ್ದರೆ ನಾವು ಕಲ್ಲು ಆರಿಸುತ್ತಲೇ ಸಾಯುತ್ತೇವೆ, ನಮ್ಮ ಬಾಯಿಗೆ ಕೈ ಹಾಕಬೇಡಿ. ಇದನ್ನೆಲ್ಲ ಹೇಳಬೇಕಿತ್ತು. ಮನಸ್ಸಿನಲ್ಲಿ ಜೋಡಿಸಿಕೊಂಡೆ.

"ಕೆಳಗೆ..." ಅಂದೆ. "ಕಳಿಸೋದಾದ್ರೆ..."

ಅಲ್ಲಿಗೆ ಉಸಿರು ಮುಗಿಯಿತು. ಬಾಯಿ ತೆರೆದೇ ಇತ್ತು.

"ಏನು? ಕೇಳಿಸ್ತಿಲ್ಲ. ಜೋರಾಗಿ ಹೇಳು."

ಮತ್ತೆ ಪ್ರಯತ್ನಿಸಿದೆ. ಎದೆಯೊಳಗೆ ಏನೋ ಕುದುರೆಯ ಹಾಗೆ ಒದೆಯುತ್ತಿತ್ತು. ಕೈ ಎತ್ತಿದೆ. ತಾಳಿ ಎಂಬಂತೆ.

"ನಾಟಕ ಸಾಕು ಕಣೆ" ಅಂದ ರೊಹೆಲಿಯೊ. "ಹೇಳೋದಿದ್ರೆ ಬೇಗ ಹೇಳಿ ಎದ್ದು ಬಾ."

ಕಸಿಮಿರೊ ಹೆಗಲ ಮೇಲಿನ ಖಾಲಿ ಚೀಲ ತೆಗೆದ. ನೆಲಕ್ಕೆ ಹಾಸಿದ. ಅದರ ಮೇಲೆ ಕೂತ. ಬಾಯಿಯ ಮೇಲೆ ಸುತ್ತಿದ್ದ ಉಣ್ಣೆ ಬಟ್ಟೆಯನ್ನು ಕೆಳಗೆ ಎಳೆದ. ಬೆಳಕಿನಲ್ಲಿ ಅವನ ತುಟಿ ನನ್ನ ತುಟಿಯಂತೆಯೇ ಇತ್ತು.

"ಸುಮ್ಮನಿರಿ ಇಂಜಿನಿಯರ್" ಅಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅವಳಿಗೆ ಉಸಿರು ಬರಲಿ."

ಯಾರೋ ಹೋಗಿ ಕಂಪ್ರೆಸರ್ ನಿಲ್ಲಿಸಿದರು. ಕೊಳವೆಯ ಬುಸುಗುಟ್ಟುವಿಕೆ ನಿಂತಿತು. ಸುರಂಗದಲ್ಲಿ ನನ್ನ ಏದುಸಿರೊಂದೇ ಉಳಿಯಿತು. ಮುದಿ ಪ್ರಾಣಿಯ ಉಸಿರಿನಂತೆ, ಒರಟಾಗಿ, ಗೋಡೆಯಿಂದ ಗೋಡೆಗೆ ಬಡಿಯುತ್ತಿತ್ತು. ಅಷ್ಟು ಜನ ಗಂಡಸರ ಮುಂದೆ ಅಷ್ಟು ಜೋರಾಗಿ ಏದುವುದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಏದಿದೆ.

ಅವರು ಕಾದರು.